ಪಿನ್ ಬಿರುಕು ಯಾಕೆ ಯಾವಾಗಲೂ ಅದೇ ಥ್ರೆಡ್‌ನಲ್ಲಿ?

ಪ್ರಶ್ನೆ: ತೈಲ ಬಾವಿ ಕೊರೆಯುವ ರಿಗ್‌ನಲ್ಲಿ ಉಪಕರಣಗಳ ತಪಾಸಣೆ ನನ್ನ ಕೆಲಸ. ಡ್ರಿಲ್ ಕಾಲರ್‌ಗಳ (ಕೊರೆಯುವ ಬಿಟ್ ಮೇಲೆ ಭಾರ ಹಾಕುವ ದಪ್ಪ ಕೊಳವೆಗಳು) ಪಿನ್‌ನಲ್ಲಿ, ಅಂದರೆ ಹೊರಗೆ ಥ್ರೆಡ್ ಇರುವ ತುದಿಯಲ್ಲಿ, ಶೋಲ್ಡರ್ (ಎರಡು ಕಾಲರ್ ಒಂದಕ್ಕೊಂದು ಒತ್ತಿ ಕೂರುವ ಅಂಚು) ಪಕ್ಕದ ಥ್ರೆಡ್ ಬುಡದಲ್ಲೇ ಮತ್ತೆ ಮತ್ತೆ ಬಿರುಕು ಸಿಗುತ್ತಿದೆ. ಇನ್ನೂ ಗಟ್ಟಿ ಉಕ್ಕು ತರಿಸಿದರೆ ನಿಲ್ಲುತ್ತದೆಯೇ?

ಉತ್ತರ: ಅಷ್ಟರಿಂದಲೇ ನಿಲ್ಲುವುದಿಲ್ಲ. ಉಕ್ಕು ಗಟ್ಟಿಯಾದಷ್ಟೂ ಸಣ್ಣ ಗೀರು, ತುಕ್ಕಿನ ಗುಂಡಿಗಳನ್ನು ತಾಳುವುದು ಅದಕ್ಕೆ ಕಷ್ಟ. ಹೈಡ್ರೋಜನ್ ಸಲ್ಫೈಡ್ ಇರುವ ಬಾವಿಯಲ್ಲಂತೂ ಅಪಾಯ ಇನ್ನೂ ಜಾಸ್ತಿ.

ನಿಮ್ಮ ಪಿನ್ ದಣಿದು ಬಿರುಕು ಬಿಡುತ್ತಿದೆ. ಬಾವಿ ಬಾಗಿದ ಕಡೆ ಕಾಲರ್ ತಿರುಗಿದಾಗ, ಪ್ರತಿ ಸುತ್ತಿಗೂ ಥ್ರೆಡ್ ಬುಡದ ಮೇಲಿನ ಎಳೆತ ಒಮ್ಮೆ ಏರಿ ಇಳಿಯುತ್ತದೆ. ನಿಮಿಷಕ್ಕೆ 120 ಸುತ್ತು ಅಂದರೆ ದಿನಕ್ಕೆ 1,72,800 ಸಲ. ಆರು ದಿನದೊಳಗೆ ಹತ್ತು ಲಕ್ಷ! ಅದರಲ್ಲೂ ಶೋಲ್ಡರ್ ಪಕ್ಕದ ಥ್ರೆಡ್‌ಗೇ ಹೊರೆಯ ದೊಡ್ಡ ಪಾಲು ಬೀಳುತ್ತದೆ.

ನಾನಾದರೆ ಮೊದಲು ಟಾರ್ಕ್, ಅಂದರೆ ಜೋಡಣೆಯನ್ನು ತಿರುಗಿಸಿ ಬಿಗಿಯುವ ಬಲ, ನೋಡುತ್ತೇನೆ. ಬಿಗಿ ಕಮ್ಮಿಯಾದರೆ, ಬಾಗಿದಾಗ ಶೋಲ್ಡರ್ ಒಂದು ಪಕ್ಕ ಬಾಯಿ ಬಿಡುತ್ತದೆ, ಹೊರೆಯೆಲ್ಲ ಪಿನ್ ಕತ್ತಿಗೆ ಬರುತ್ತದೆ. ಜಾಸ್ತಿ ಬಿಗಿದರೆ ಕತ್ತೇ ಹಿಗ್ಗಿಹೋಗುತ್ತದೆ. ಥ್ರೆಡ್ ಡೋಪ್ (ಥ್ರೆಡ್‌ಗೆ ಹಚ್ಚುವ ಗ್ರೀಸ್) ಬದಲಿಸಿದ್ದೀರಾ? ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಕೋಷ್ಟಕದ ಟಾರ್ಕ್ ಘರ್ಷಣೆ ಅಂಶ 1.0 ಇರುವ ಡೋಪ್‌ಗೆ. ನಿಮ್ಮ ಡಬ್ಬಿಯ ಮೇಲೆ 1.15 ಅಂತಿದ್ದರೆ ಟಾರ್ಕನ್ನೂ 1.15ರಿಂದ ಗುಣಿಸಬೇಕು. ಇದನ್ನು ಮರೆತರೆ ಗೇಜ್ ಸರಿ ತೋರಿಸಿದರೂ ಜೋಡಣೆ ಸಡಿಲವೇ.

ಆಮೇಲೆ ಥ್ರೆಡ್ ಬುಡ. ಪಿನ್‌ಗೆ ಒತ್ತಡ ತಗ್ಗಿಸುವ ತೋಡು, ಬಾಕ್ಸ್‌ಗೆ (ಪಿನ್ ಕೂರುವ, ಒಳಗೆ ಥ್ರೆಡ್ ಇರುವ ತುದಿ) ಬೋರ್‌ಬ್ಯಾಕ್, ಅಂದರೆ ಥ್ರೆಡ್ ಮುಗಿಯುವ ಕಡೆ ಒಳಗೆ ಅಗಲಿಸಿ ಕೊರೆದ ಭಾಗ, ಇದೆಯೇ ನೋಡಿ. ಇವು ಬಾಗುವಿಕೆಯನ್ನು ಒಂದೇ ಚೂಪು ಮೂಲೆಗೆ ಬೀಳದಂತೆ ಹರಡುತ್ತವೆ. ಜೊತೆಗೆ ಕೋಲ್ಡ್ ರೋಲಿಂಗ್. ಗಟ್ಟಿ ರೋಲರ್‌ನಿಂದ ಬುಡವನ್ನು ಅದುಮಿದರೆ ಅಲ್ಲಿ ಒತ್ತು ಬಲ ಉಳಿದುಕೊಳ್ಳುತ್ತದೆ, ಬಿರುಕು ಬಾಯಿ ತೆರೆಯಲು ಒದ್ದಾಡಬೇಕಾಗುತ್ತದೆ. ಆದರೆ ಹಳೆ ಪಿನ್ ಕತ್ತರಿಸಿ ಹೊಸ ಥ್ರೆಡ್ ಹಾಕಿಸಿದರೆ ಆ ಪದರ ಹೋಯಿತು ಅಂತಲೇ ಲೆಕ್ಕ. ವರ್ಕ್‌ಶಾಪ್‌ನವರು ಮತ್ತೆ ರೋಲಿಂಗ್ ಮಾಡಿದರಾ ಅಂತ ಕೇಳಿ. ಗೇಜಿಂಗ್ (ಥ್ರೆಡ್ ಅಳತೆ ಪರೀಕ್ಷೆ) ಮಾತ್ರ ರೋಲಿಂಗ್‌ಗೆ ಮೊದಲೇ ಆಗಬೇಕು, ಆಮೇಲೆ ಅಳತೆ ಸ್ವಲ್ಪ ಕದಲುತ್ತದೆ.

ಬಾಗುವಿಕೆ ಅನುಪಾತವನ್ನೂ ಲೆಕ್ಕ ಹಾಕಿ. ಬಾಗುವಿಕೆ ತಾಳುವುದರಲ್ಲಿ ಬಾಕ್ಸ್ ಪಿನ್‌ಗಿಂತ ಸುಮಾರು 2.5 ಪಟ್ಟು ಬಲವಾಗಿರಬೇಕೆಂಬುದು ರೂಢಿ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಪೆಟ್ಟು ಪಿನ್‌ಗೇ. ಕಾಲರ್ ಹೊರಮೈ ಸವೆದು ಅನುಪಾತ ಇಳಿದಾಗ ಬಿರುಕು ಬಾಕ್ಸ್‌ಗೆ ಹೋಗುತ್ತದೆ.

ಇನ್ನೊಂದು ಮಾತು: ಕಾಂತೀಯವಲ್ಲದ ಕಾಲರ್‌ಗಳಿಗೆ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ (ಕಾಂತೀಯ ಪುಡಿಯಿಂದ ಬಿರುಕು ಹುಡುಕುವುದು) ಸುಮ್ನೆ ದಂಡ, ಅಲ್ಲಿ ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿಯುವ ಬಣ್ಣದ ದ್ರವ) ಬಳಸಿ. ಬಿರುಕು ಸಿಕ್ಕರೆ ಉಜ್ಜಿ ತೆಗೆದು ಮತ್ತೆ ಬಾವಿಗೆ ಇಳಿಸಬೇಡಿ. ಅಷ್ಟು ಭಾಗ ಕತ್ತರಿಸಿ ಹೊಸ ಥ್ರೆಡ್ ಹಾಕಿಸಿ.