ಬ್ರೇಕ್ ಇಲ್ಲದ ಸೈಕಲ್, ಕತ್ತು ಮುರಿದ ಆಟಗಾರ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಟ್ರ್ಯಾಕ್ ಸೈಕಲ್‌ಗೆ ಬ್ರೇಕೇ ಇರುವುದಿಲ್ಲವಂತೆ, ನಿಜವಾ? ಹಾಗಾದರೆ ಬೀಳುವುದಿಲ್ಲವೇ?

ಉತ್ತರ: ನಿಜ. ಬ್ರೇಕೂ ಇಲ್ಲ, ಗೇರ್ ಬದಲಿಸುವ ಹಾಗೂ ಇಲ್ಲ. ಹಿಂದಿನ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಒಂದು ಕ್ಷಣ ಕಾಲಿಗೆ ಸುಮ್ನೆ ಬಿಡುವು ಕೊಡೋಣ ಅಂದರೂ ಆಗುವುದಿಲ್ಲ. ವೇಗ ತಗ್ಗಿಸಬೇಕೆಂದರೆ ಪೆಡಲನ್ನು ಕಾಲಿನಿಂದಲೇ ತಡೆಯಬೇಕು, ಇಲ್ಲವೇ ಓರೆಯಾಗಿರುವ ಟ್ರ್ಯಾಕಿನ ಮೇಲ್ಭಾಗಕ್ಕೆ ಹತ್ತಬೇಕು. ಒಲಿಂಪಿಕ್ಸ್ ನಡೆಯುವ 250 ಮೀಟರ್ ಟ್ರ್ಯಾಕಿನ ತಿರುವುಗಳು 42 ಡಿಗ್ರಿಯಷ್ಟು ಎದ್ದು ನಿಂತಿರುತ್ತವೆ, ಅಂದರೆ ಹೆಚ್ಚು ಕಡಿಮೆ ಗೋಡೆಯ ಮೇಲೆ ಓಡಿಸಿದ ಹಾಗೆ. ಆದರೆ ಯೋಚಿಸಿ, ಒಬ್ಬರ ಹಿಂದೊಬ್ಬರು ಅಂಟಿಕೊಂಡು ಓಡುವಾಗ ಮುಂದಿನವರು ದಿಢೀರ್ ಬ್ರೇಕ್ ಹಾಕಿದರೆ ಹಿಂದಿನವರ ಗತಿ ಏನು? ಬ್ರೇಕ್ ಇಲ್ಲದಿರುವುದೇ ಅಲ್ಲಿ ಕಾಪಾಡುತ್ತದೆ. ಬೀಳುವುದಂತೂ ಇದ್ದೇ ಇದೆ.

ಪ್ರಶ್ನೆ: ಆಸ್ಟ್ರೇಲಿಯಾದ ಆನಾ ಮಿಯರ್ಸ್ ಕತ್ತಿನ ಮೂಳೆ ಮುರಿದ ಮೇಲೂ ಒಲಿಂಪಿಕ್ಸ್ ಪದಕ ಗೆದ್ದರಂತೆ. ಅವರ ಬಗ್ಗೆ ಬರೆಯಿರಿ.

ಉತ್ತರ: ನನಗೆ ತುಂಬಾ ಇಷ್ಟವಾದ ಆಟಗಾರ್ತಿ, ಸ್ವಲ್ಪ ಉದ್ದವಾದರೂ ಹೇಳುತ್ತೇನೆ.

ಹುಟ್ಟಿದ್ದು 1983ರಲ್ಲಿ, ಬೆಳೆದದ್ದು ಕ್ವೀನ್ಸ್‌ಲ್ಯಾಂಡಿನ ಮಿಡಲ್‌ಮೌಂಟ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ. ಅಕ್ಕ ಕೆರಿ ಕೂಡ ಟ್ರ್ಯಾಕ್ ಸೈಕ್ಲಿಸ್ಟ್. ಟ್ರ್ಯಾಕ್ ಇದ್ದದ್ದು ನೂರಾರು ಕಿಲೋಮೀಟರ್ ದೂರದ ಮಕಾಯ್‌ನಲ್ಲಿ, ಅಪ್ಪ ಅಮ್ಮ ಅಕ್ಕತಂಗಿಯರನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆನಾ 500 ಮೀಟರ್ ಟೈಮ್ ಟ್ರಯಲ್ಲನ್ನು 33.952 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಆಗ ವಯಸ್ಸು 20.

ಆಮೇಲೆ ಆ ಸ್ಪರ್ಧೆಯನ್ನೇ ಒಲಿಂಪಿಕ್ಸ್‌ನಿಂದ ತೆಗೆದುಹಾಕಿದರು, ಬಿಎಂಎಕ್ಸ್ ಎಂಬ ಉಬ್ಬುತಗ್ಗಿನ ಹಾದಿಯ ಸೈಕಲ್ ಓಟಕ್ಕೆ ಜಾಗ ಮಾಡಿಕೊಡಲು. ಇದು ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. ಚಿನ್ನ ಗೆದ್ದವಳಿಗೆ ಅದನ್ನು ಉಳಿಸಿಕೊಳ್ಳುವ ಅವಕಾಶವೇ ಇಲ್ಲ! ಸ್ಪ್ರಿಂಟ್ ಕಡೆಗೇ ಪೂರ್ತಿ ತಿರುಗಬೇಕಾಯಿತು. ಅದು ಬೇರೆಯೇ ಆಟ. ಟೈಮ್ ಟ್ರಯಲ್‌ನಲ್ಲಿ ಎದುರಾಳಿ ಗಡಿಯಾರ ಮಾತ್ರ, ಸ್ಪ್ರಿಂಟ್‌ನಲ್ಲಿ ಪಕ್ಕದಲ್ಲೇ ಒಬ್ಬಳು ನಿಮ್ಮ ಮುಖ ನೋಡುತ್ತಾ ನೀವು ತಪ್ಪು ಮಾಡಲಿ ಅಂತ ಕಾಯುತ್ತಿರುತ್ತಾಳೆ.

2008ರ ಜನವರಿ, ಲಾಸ್ ಏಂಜಲಿಸ್‌ನ ವಿಶ್ವಕಪ್. ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗದಲ್ಲಿ ಬಿದ್ದರು. ಕತ್ತಿನ ಎರಡನೇ ಮೂಳೆ ಬಿರುಕು ಬಿಟ್ಟಿತು, ಭುಜ ಕೀಲು ತಪ್ಪಿತು, ಮೈಯೆಲ್ಲಾ ತರಚಿಹೋಯಿತು. ಆ ಬಿರುಕು ಇನ್ನು ಕೆಲವೇ ಮಿಲಿಮೀಟರ್ ಮುಂದುವರಿದಿದ್ದರೆ ಮೈ ಸ್ವಾಧೀನ ತಪ್ಪುತ್ತಿತ್ತು, ಇಲ್ಲವೇ ಜೀವವೇ ಹೋಗುತ್ತಿತ್ತು. ಹತ್ತೇ ದಿನಕ್ಕೆ ಅವರು ಮತ್ತೆ ಪೆಡಲ್ ತುಳಿಯಲು ಶುರು ಮಾಡಿದರು. ಏಳು ತಿಂಗಳಿಗೆ ಬೀಜಿಂಗ್‌ನಲ್ಲಿ ಸ್ಪ್ರಿಂಟ್ ಬೆಳ್ಳಿ. ಫೈನಲ್‌ನಲ್ಲಿ ಸೋಲಿಸಿದ್ದು ಬ್ರಿಟನ್ನಿನ ವಿಕ್ಟೋರಿಯಾ ಪೆಂಡಲ್‌ಟನ್.

ಪ್ರಶ್ನೆ: ಪೆಂಡಲ್‌ಟನ್‌ಗೆ ಆಮೇಲೆ ತಿರುಗೇಟು ಕೊಟ್ಟರಾ?

ಉತ್ತರ: ಕೊಟ್ಟರು, ಅದೂ 2012ರಲ್ಲಿ ಲಂಡನ್‌ನಲ್ಲಿ, ಪೆಂಡಲ್‌ಟನ್ ಅವರದೇ ಜನರ ಕಣ್ಣೆದುರು. ಮೂರರಲ್ಲಿ ಎರಡು ಓಟ ಗೆಲ್ಲಬೇಕಾದ ಫೈನಲ್‌ನ ಮೊದಲ ಓಟದಲ್ಲಿ ಗೆರೆ ಮೊದಲು ದಾಟಿದ್ದು ಪೆಂಡಲ್‌ಟನ್, ಆದರೆ ಕೊನೆಯ ಹಂತದಲ್ಲಿ ತಮ್ಮ ಪಥ ಬಿಟ್ಟು ಹೊರಬಂದದ್ದಕ್ಕೆ ತೀರ್ಪುಗಾರರು ಆ ಗೆಲುವು ಕಿತ್ತುಕೊಂಡರು. ಎರಡನೆಯದು ನೋಡಬೇಕಾದ ಓಟ. ಆನಾ ಸೈಕಲ್ಲನ್ನು ನಿಧಾನ ಮಾಡುತ್ತಾ ಮಾಡುತ್ತಾ ಹೆಚ್ಚು ಕಡಿಮೆ ನಿಲ್ಲಿಸಿಯೇಬಿಟ್ಟರು. ಬ್ರೇಕ್ ಇಲ್ಲದ ಸೈಕಲ್, ಓರೆ ಟ್ರ್ಯಾಕು, ಕಾಲು ನೆಲಕ್ಕೆ ತಾಗಿಸುವಂತಿಲ್ಲ. ಪೆಂಡಲ್‌ಟನ್ ಬೇರೆ ದಾರಿಯಿಲ್ಲದೆ ಮುಂದೆ ಹೋದರು. ಸ್ಪ್ರಿಂಟ್‌ನಲ್ಲಿ ಹಿಂದಿರುವವರಿಗೇ ಅನುಕೂಲ ಜಾಸ್ತಿ, ಎದುರಾಳಿ ಕಣ್ಣಿಗೆ ಕಾಣುತ್ತಿರುತ್ತಾಳೆ, ಗಾಳಿಯ ಹೊಡೆತವೂ ಕಡಿಮೆ. ಹಿಂದಿನಿಂದ ಬಂದು ಆನಾ ಚಿನ್ನ ಗೆದ್ದರು.

ಪ್ರಶ್ನೆ: ಈಗ ಆಡುತ್ತಿಲ್ಲ ಅಲ್ವಾ? ಒಟ್ಟು ಎಷ್ಟು ಪದಕ?

ಉತ್ತರ: 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ದೇಶದ ಧ್ವಜ ಹಿಡಿದು ನಡೆದರು, ಕೀರಿನ್‌ನಲ್ಲಿ (ಮೋಟಾರು ಸೈಕಲ್ಲಿನ ಹಿಂದೆ ಶುರುವಾಗುವ ಗುಂಪು ಓಟ) ಕಂಚು ಗೆದ್ದರು, ಅದೇ ವರ್ಷ ನಿವೃತ್ತಿ. ನಾಲ್ಕು ಒಲಿಂಪಿಕ್ಸ್, ಆರು ಪದಕ, 11 ವಿಶ್ವ ಪ್ರಶಸ್ತಿ.

ಆದರೆ ನನಗೆ ಹೆಚ್ಚು ನೆನಪಾಗುವುದು ಒಲಿಂಪಿಕ್ಸ್‌ಗೆ ಸೇರದ ಒಂದು ಓಟ. ಲಂಡನ್ ನಂತರ ದೀರ್ಘ ವಿರಾಮ ತೆಗೆದುಕೊಂಡು ಮರಳಿದವರು 2013ರ ಡಿಸೆಂಬರ್‌ನಲ್ಲಿ ಮೆಕ್ಸಿಕೋದ ಆಗ್ವಾಸ್‌ಕಾಲಿಯೆಂಟೆಸ್‌ನಲ್ಲಿ ಅದೇ 500 ಮೀಟರ್ ಓಡಿಸಿದರು, ಒಲಿಂಪಿಕ್ಸ್ ಬೇಡ ಅಂದಿದ್ದ ಅದೇ ಸ್ಪರ್ಧೆ. ಎತ್ತರದ ಊರು, ಗಾಳಿ ತೆಳು, ಅದು ಸಹಾಯ ಮಾಡಿತು ನಿಜ. ಸಮಯ 32.836 ಸೆಕೆಂಡು. 33ರ ಒಳಗೆ ಬಂದ ಮೊದಲ ಮಹಿಳೆ ಅವರೇ.