ಏಳನೇ ಪುಟದಿಂದ ಶುರು ಮಾಡಿ

(ಮಂಡ್ಯದ ತೂಬಿನಕೆರೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹೈಡ್ರಾಲಿಕ್ ರಿಪೇರಿ ಕೆಲಸ ಮಾಡುವ ಓದುಗರೊಬ್ಬರು ನಮಗೆ ಲೇಖನ ಕಳಿಸಿದ್ದರು. ಬರೆಯಲು ಹೊರಟಿರುವ ಬೇರೆಯವರಿಗೂ ಉಪಯೋಗಕ್ಕೆ ಬಂದೀತು ಅಂತ, ಅವರ ಒಪ್ಪಿಗೆ ಪಡೆದು ನನ್ನ ಉತ್ತರವನ್ನು ಇಲ್ಲಿ ಹಾಕುತ್ತಿದ್ದೇನೆ.)

ಪ್ರಿಯ ಮಿತ್ರರೇ,

‘ಜಲಚಾಲಿತ ಪರಿಭ್ರಮಣ ಪ್ರಚೋದಕಗಳಲ್ಲಿ ಸೋರಿಕೆ ನಿಯಂತ್ರಣ ಹಾಗೂ ಸ್ನೇಹಕ ವ್ಯವಸ್ಥೆ’ ಎಂಬ ನಿಮ್ಮ ಲೇಖನ ತಲುಪಿತು. ಹತ್ತು ಪುಟ. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ಏಳನೇ ಪುಟ.

ಮೊದಲು ಹೆಸರಿನ ವಿಚಾರ ಮುಗಿಸಿಬಿಡೋಣ. ನಾನು ಈ ಕುರ್ಚಿಗೆ ಬರುವ ಮೊದಲು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲವು ವರ್ಷ ಸ್ಪ್ಯಾನರ್ ಹಿಡಿದವನು. ಆದರೂ ‘ಪರಿಭ್ರಮಣ ಪ್ರಚೋದಕ’ ಅಂದರೆ ರೋಟರಿ ಆಕ್ಚುಯೇಟರ್ (ಎಣ್ಣೆಯ ಒತ್ತಡದಿಂದ ಶಾಫ್ಟ್ ತಿರುಗಿಸುವ ಸಾಧನ) ಅಂತ ಹೊಳೆಯಲು ಎರಡು ನಿಮಿಷ ಬೇಕಾಯಿತು. ನಿಮ್ಮ ಶೆಡ್ಡಿನಲ್ಲಿ ಯಾರಾದರೂ ‘ಆ ಸ್ನೇಹಕ ತಗೊಂಡು ಬಾರೋ’ ಅಂತಾರಾ? ಗ್ರೀಸ್ ಅಂತಾರೆ. ಆಯಿಲ್ ಸೀಲ್, ಓ ರಿಂಗ್, ಬುಷ್, ಸೀಲ್ ಕಿಟ್ ಎಲ್ಲವೂ ಈಗ ಕನ್ನಡದ ಮಾತೇ. ಹಳೆಯ ಪದ ಬೇಕೇ ಬೇಕು ಅಂದರೆ ಕೀಲೆಣ್ಣೆ ಇದೆಯಲ್ಲ. ಎತ್ತಿನಗಾಡಿಯ ಅಚ್ಚಿಗೆ ಅದನ್ನು ಹಚ್ಚಿದವರು ನಿಮ್ಮ ಕಡೆ ಇನ್ನೂ ಸಿಗುತ್ತಾರೆ. ಅವರಿಗೂ ‘ಸ್ನೇಹಕ’ ಗೊತ್ತಿಲ್ಲ.

ಮೊದಲ ಎರಡು ಪುಟ ಚಕ್ರದ ಹುಟ್ಟಿನಿಂದ ಶುರುವಾಗಿ ಪಾಸ್ಕಲ್‌ವರೆಗೆ ಬರುತ್ತದೆ. ಪೂರ್ತಿ ತೆಗೆಯಿರಿ. ಇತಿಹಾಸ ಹೇಳಲೇಬೇಕು ಅನ್ನಿಸಿದರೆ ಒಂದೇ ಒಂದು ಸಂಗತಿ ಸಾಕು. ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದ. ಆದರೆ ಪ್ರೆಸ್ ಸೋರುತ್ತಿತ್ತು. ಅವನ ಬಳಿ ಕೆಲಸಕ್ಕಿದ್ದ ಹೆನ್ರಿ ಮಾಡ್‌ಸ್ಲೇ ಚರ್ಮವನ್ನು ಬಟ್ಟಲಿನ ಹಾಗೆ ಮಡಿಸಿ ಕೂರಿಸಿದ. ಒತ್ತಡ ಜಾಸ್ತಿಯಾದಷ್ಟೂ ಬಟ್ಟಲಿನ ಅಂಚು ಅಗಲವಾಗಿ ಲೋಹಕ್ಕೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಸೋರುವಂತೆ ಮಾಡುವ ಒತ್ತಡವೇ ಸೋರದಂತೆಯೂ ಮಾಡುತ್ತದೆ. ನೀವು ದಿನಾ ಹಾಕುವ ಯು ಸೀಲ್ ಇದೇ ತಂತ್ರದ್ದು. ಸೈಕಲ್ ಪಂಪಿನ ಚರ್ಮದ ವಾಷರ್ ಕೂಡ. ಅದು ಒಣಗಿದಾಗ ಕೊಬ್ಬರಿ ಎಣ್ಣೆ ಬಿಟ್ಟು ಹಿಗ್ಗಿಸಿದ ನೆನಪು ನಮ್ಮ ಓದುಗರಲ್ಲಿ ಅರ್ಧ ಜನಕ್ಕಾದರೂ ಇರುತ್ತದೆ. ಅಲ್ಲಿಂದ ಹಿಡಿದರೆ ಅವರು ನಿಮ್ಮ ಜೊತೆ ಬರುತ್ತಾರೆ.

ಆಕ್ಚುಯೇಟರಿನ ಇನ್ನೊಂದು ಬಗೆಯಾದ ವೇನ್ ಮಾದರಿಯ ಮೇಲಿನ ಪುಟ ಸರಿಯಾಗಿಯೇ ಇದೆ, ಆದರೆ ಇಲ್ಲಿಗೆ ಬೇಡ. ಸೀಲ್ ರಬ್ಬರುಗಳ ಪಟ್ಟಿಯೂ ಬೇಡ. ನೈಟ್ರೈಲ್ ಸುಮಾರು 100 ಡಿಗ್ರಿಯವರೆಗೆ, ವೈಟಾನ್ ಸುಮಾರು 200 ಡಿಗ್ರಿಯವರೆಗೆ ಅನ್ನುವುದು ಕ್ಯಾಟಲಾಗಿನಲ್ಲೇ ಸಿಗುತ್ತದೆ.

ಈಗ ಏಳನೇ ಪುಟ. ಲಾರಿ ಮೇಲಿನ ಕ್ರೇನೊಂದು ನಿಮ್ಮ ಶೆಡ್ಡಿಗೆ ಬಂತು. ಕ್ರೇನ್ ತಿರುಗಿಸುವ ಆಕ್ಚುಯೇಟರ್ ರ್‍ಯಾಕ್ ಪಿನಿಯನ್ ಮಾದರಿಯದು. ಶಾಫ್ಟಿನ ಬುಡದಲ್ಲಿ ಎಣ್ಣೆ ಸೋರುತ್ತಿತ್ತು. ಆಯಿಲ್ ಸೀಲ್ ಬದಲಿಸಿದಿರಿ. ಎಂಟು ದಿನಕ್ಕೆ ವಾಪಸ್ ಬಂತು. ಓನರ್ ದುಬಾರಿ ವೈಟಾನ್ ಸೀಲ್ ತರಿಸಿ ಹಾಕಿಸಿದರು. ಅದೂ ಜಾಗ ಬಿಟ್ಟು ಹೊರಗೆ ಬಂತು. ಮೂರನೇ ಸಲ ನೀವು ಗೇರ್ ಚೇಂಬರಿನ ಪ್ಲಗ್ ಬಿಚ್ಚಿದಿರಿ. ‘ಎಣ್ಣೆ ಚಿಮ್ಮಿತು. ಗೇರ್ ಆಯಿಲಿನ ಗಂಧಕದ ವಾಸನೆ ಇರಲಿಲ್ಲ. ಬೆರಳಿಗೆ ತೆಳ್ಳಗಿತ್ತು’ ಅಂತ ಬರೆದಿದ್ದೀರಿ. ಆಮೇಲೆ ‘ಪಿಸ್ಟನ್ ಸೀಲ್ ಬದಲಿಸಿ ಸಮಸ್ಯೆ ಬಗೆಹರಿಸಲಾಯಿತು’ ಅಂತ ಮುಗಿಸಿ, ಹೊಸ ತಲೆಬರಹ ಹಾಕಿ ಮುಂದಕ್ಕೆ ಹೋಗಿಬಿಟ್ಟಿದ್ದೀರಿ!

ಅಲ್ಲ ಸ್ವಾಮಿ, ಇಡೀ ಲೇಖನ ಇರುವುದೇ ಆ ನಾಲ್ಕು ಸಾಲಿನಲ್ಲಿ. ಅಲ್ಲಿ ನಿಧಾನ ಮಾಡಬೇಕಿತ್ತು.

ಹಲ್ಲಿರುವ ಒಂದು ಕಂಬಿ, ಅದರ ಎರಡೂ ತುದಿಗೆ ಪಿಸ್ಟನ್. ಈ ಕಡೆಯಿಂದ ಎಣ್ಣೆ ಒತ್ತಿದರೆ ಕಂಬಿ ಆ ಕಡೆ ಸರಿಯುತ್ತದೆ. ನಡುವಿನ ಪಿನಿಯನ್, ಅಂದರೆ ಹಲ್ಲಿನ ಸಣ್ಣ ಚಕ್ರ, ತಿರುಗುತ್ತದೆ, ಅದರ ಜೊತೆ ಶಾಫ್ಟ್, ಶಾಫ್ಟಿನ ಜೊತೆ ಕ್ರೇನ್. ಒತ್ತಡವೆಲ್ಲ ಎರಡು ತುದಿಯಲ್ಲಿ. ಹಲ್ಲು, ಬೇರಿಂಗ್ ಇರುವ ನಡುವಿನ ಚೇಂಬರಿನಲ್ಲಿ ಒತ್ತಡವೇ ಇರಬಾರದು, ಅಲ್ಲಿರುವುದು ದಪ್ಪ ಗೇರ್ ಆಯಿಲ್ ಮಾತ್ರ. ಪಿಸ್ಟನ್ ಸೀಲ್ ಸವೆದಾಗ ತುದಿಯ ಎಣ್ಣೆ ಸ್ವಲ್ಪ ಸ್ವಲ್ಪವೇ ನಡುವಿಗೆ ನುಗ್ಗುತ್ತದೆ. ನಿಮ್ಮದರಲ್ಲಿ ಬ್ರೀದರ್, ಅಂದರೆ ಚೇಂಬರಿನ ಒತ್ತಡ ಹೊರಹೋಗುವ ಕಿಂಡಿ, ಮಣ್ಣು ಕೂತು ಕಟ್ಟಿಕೊಂಡಿತ್ತು ಅಂತ ಅಡಿಟಿಪ್ಪಣಿಯಲ್ಲಿ ಹೇಳಿದ್ದೀರಿ. ಅಡಿಟಿಪ್ಪಣಿಯಲ್ಲಿ! ನಿಮ್ಮ ಊರಿನ ಹೆಸರಲ್ಲೇ ತೂಬೂ ಇದೆ, ಕೆರೆಯೂ ಇದೆ. ಕೋಡಿ ಕಟ್ಟಿಕೊಂಡ ಕೆರೆಗೆ ನೀರು ಬರುತ್ತಲೇ ಇದ್ದರೆ ಏರಿ ಎಲ್ಲಿ ಸಡಿಲ ಇದೆಯೋ ಅಲ್ಲಿ ಒಡೆಯುತ್ತದೆ. ಇಲ್ಲಿ ಸಡಿಲ ಇದ್ದದ್ದು ಶಾಫ್ಟಿನ ಆಯಿಲ್ ಸೀಲ್. ಅದು ಕೆಟ್ಟಿರಲಿಲ್ಲ. ನುಗ್ಗಿ ಬಂದ ಎಣ್ಣೆ ಅದನ್ನು ಒಳಗಿನಿಂದ ತಳ್ಳಿತ್ತು.

ಇಲ್ಲೇ ನಿಮ್ಮದೊಂದು ದೊಡ್ಡ ತಪ್ಪೂ ಇದೆ. ‘ಶಾಫ್ಟಿನ ಆಯಿಲ್ ಸೀಲ್ 150 ಬಾರ್ ಒತ್ತಡ ತಡೆಯುತ್ತದೆ’ ಅಂತ ಐದನೇ ಪುಟದಲ್ಲಿದೆ. ತಡೆಯುವುದಿಲ್ಲ. 150 ಬಾರ್ ಎದುರಿಸುವುದು ಪಿಸ್ಟನ್ ಸೀಲ್. ಸ್ಪ್ರಿಂಗ್ ಇರುವ ಸಾಧಾರಣ ರಬ್ಬರ್ ಆಯಿಲ್ ಸೀಲ್ ತಾಳುವುದು ಅರ್ಧ ಬಾರ್ ಆಸುಪಾಸು. ಬೈಕ್ ಟೈರಿಗೆ ಹಾಕುವ ಗಾಳಿಯೇ 2 ಬಾರ್ ಸುಮಾರಿಗಿರುತ್ತದೆ. ಅಂದರೆ ಟೈರಿನ ಗಾಳಿಯನ್ನೂ ಆ ಸೀಲ್ ಹಿಡಿಯಲಾರದು. ಇದನ್ನು ಬರೆದರೆ ವೈಟಾನ್ ಯಾಕೆ ಉಪಯೋಗಕ್ಕೆ ಬರಲಿಲ್ಲ ಅನ್ನುವುದು ಓದುಗರಿಗೆ ತಾನಾಗಿ ಗೊತ್ತಾಗುತ್ತದೆ. ವೈಟಾನ್ ಬಿಸಿ ತಡೆಯುವ ರಬ್ಬರ್. ಇಲ್ಲಿ ಬಿಸಿಯ ತೊಂದರೆಯೇ ಇರಲಿಲ್ಲವಲ್ಲ.

‘ಒಳ್ಳೆಯ ಸೀಲ್ ಅಂದರೆ ಒಂದು ಹನಿಯೂ ದಾಟದ ಸೀಲ್’ ಎಂಬ ಸಾಲನ್ನೂ ತಿದ್ದಿ. ಉಜ್ಜಾಡುವ ಸೀಲಿನ ಅಂಚಿನ ಕೆಳಗೆ ಎಣ್ಣೆಯ ತೆಳು ಪೊರೆ ಇರಲೇಬೇಕು. ಇಲ್ಲದಿದ್ದರೆ ರಬ್ಬರ್ ಸುಟ್ಟು ಗಟ್ಟಿಯಾಗುತ್ತದೆ. ಹೊಸ ಸೀಲ್ ಕೂರಿಸುವಾಗ ನೀವೇ ಬೆರಳಲ್ಲಿ ಎಣ್ಣೆ ಸವರುತ್ತೀರಿ, ಹೌದೋ ಅಲ್ವೋ?

ಇನ್ನು ಬೇರಿಂಗ್. ಒಂಬತ್ತನೇ ಪುಟದಲ್ಲಿ ಬೇರೆ ತಲೆಬರಹದ ಕೆಳಗೆ ‘ಅದೇ ಕ್ರೇನಿನ ಬೇರಿಂಗ್ ಕೂಡ ಬದಲಿಸಲಾಯಿತು’ ಅಂತಿದೆ. ಜೊತೆಗಿರುವ ಫೋಟೋ ನೋಡಿ ಕುರ್ಚಿಯಿಂದ ಎದ್ದೆ. ರೋಲರ್ ಕೂತಿದ್ದ ಜಾಗದಲ್ಲೆಲ್ಲ ಒಂದೊಂದು ಗೆರೆ, ಬಾಚಣಿಗೆಯ ಹಲ್ಲು ಒತ್ತಿದ ಹಾಗೆ. ಇದು ಸೀಲಿನ ಕತೆಯಿಂದ ಬೇರೆ ಅಲ್ಲ. ಗಾಡಿ ಚಕ್ರ ಪೂರ್ತಿ ಸುತ್ತುತ್ತದೆ, ಕೀಲೆಣ್ಣೆಯೂ ಜೊತೆಗೆ ಸುತ್ತುತ್ತದೆ. ಕ್ರೇನ್ ಹಾಗಲ್ಲ. ಅಷ್ಟು ತಿರುಗಿ ಮತ್ತೆ ವಾಪಸ್ ಬರುತ್ತದೆ, ಅದೂ ನಿಧಾನವಾಗಿ. ರೋಲರಿನ ಕೆಳಗೆ ಎಣ್ಣೆಯ ಪೊರೆ ಕಟ್ಟಲು ಬೇಕಾದ ವೇಗವೇ ಇಲ್ಲ. ಲಾರಿ ಓಡುವಾಗ ಕ್ರೇನ್ ಮಡಚಿಕೊಂಡು ನಿಂತಿರುತ್ತದೆ. ಮೈಸೂರಿನಿಂದ ಮಂಡ್ಯದವರೆಗೆ ಅದೇ ರೋಲರ್ ಅದೇ ಜಾಗದಲ್ಲಿ ಸಣ್ಣಗೆ ನಡುಗುತ್ತಿರುತ್ತದೆ, ಇದ್ದ ಎಣ್ಣೆ ಪಕ್ಕಕ್ಕೆ ಸರಿಯುತ್ತದೆ, ಲೋಹಕ್ಕೆ ಲೋಹ ತಾಗುತ್ತದೆ. ಇಂಥ ಕಡೆ ದಪ್ಪ ಎಣ್ಣೆ, ಅದರಲ್ಲೂ ಒತ್ತಡ ತಾಳುವ ಇಪಿ ಎಣ್ಣೆ ಬೇಕು. ನೀವೇ ಕೊಟ್ಟ ಲೆಕ್ಕದಂತೆ ಚೇಂಬರಿನಲ್ಲಿ ಇರಬೇಕಾದದ್ದು 220 ಗ್ರೇಡಿನ ಗೇರ್ ಆಯಿಲ್ (ಗ್ರೇಡ್ ಜಾಸ್ತಿಯಾದಷ್ಟೂ ಎಣ್ಣೆ ದಪ್ಪ). ನುಗ್ಗಿ ಬಂದದ್ದು 46 ಗ್ರೇಡಿನ ಹೈಡ್ರಾಲಿಕ್ ಎಣ್ಣೆ. 40 ಡಿಗ್ರಿಯಲ್ಲಿ ಈ ಹೈಡ್ರಾಲಿಕ್ ಎಣ್ಣೆಯ ದಪ್ಪ ಆ ಗೇರ್ ಆಯಿಲಿನ ಐದನೇ ಒಂದು ಪಾಲಿನಷ್ಟು. ಮೊದಲೇ ಕಷ್ಟದಲ್ಲಿದ್ದ ಬೇರಿಂಗ್ ಇನ್ನೆಷ್ಟು ದಿನ ಬಾಳೀತು?

ಅದು ಸವೆದರೆ ಶಾಫ್ಟ್ ಅಲುಗಾಡುತ್ತದೆ. ಅಲುಗಾಡುವ ಶಾಫ್ಟನ್ನು ಸೀಲಿನ ಅಂಚು ಹಿಂಬಾಲಿಸಲಾರದು. ಬೇರಿಂಗ್ ಹಾಗೇ ಬಿಟ್ಟು ಸೀಲ್ ಮಾತ್ರ ಹಾಕಿದ್ದರೆ ನಾಲ್ಕನೇ ಸಲವೂ ಆ ಲಾರಿ ನಿಮ್ಮ ಗೇಟಿಗೆ ಬರುತ್ತಿತ್ತು. ‘ಸೋರಿಕೆ ನಿಯಂತ್ರಣ’ ಒಂದು ಅಧ್ಯಾಯ, ‘ಸ್ನೇಹಕ’ ಇನ್ನೊಂದು ಅಧ್ಯಾಯ ಅಂತ ನೀವು ಪಾಲು ಮಾಡಿದ್ದೀರಿ. ಕೈಯಲ್ಲಿ ಒಟ್ಟಿಗೇ ರಿಪೇರಿ ಮಾಡಿದ್ದನ್ನು ಕಾಗದದ ಮೇಲೆ ಯಾಕೆ ಬಿಡಿಸಿದಿರಿ?

ನಿಮ್ಮನ್ನು ಬೈಯುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಗ್ರೀಸ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ, ಹೊರಹೋಗಲು ದಾರಿಯಿಲ್ಲದ ಒಂದು ಹೌಸಿಂಗಿಗೆ ಗ್ರೀಸ್ ಗನ್ನಿನಲ್ಲಿ ಒತ್ತುತ್ತಲೇ ಹೋದೆ. ಕೈಯ ಗ್ರೀಸ್ ಗನ್ ನೂರಾರು ಬಾರ್ ಒತ್ತಡ ಹುಟ್ಟಿಸುತ್ತದೆ ಅಂತ ಯಾರೂ ಹೇಳಿರಲಿಲ್ಲ. ಟಪ್ ಅಂತ ಸದ್ದಾಯಿತು. ಸೀಲ್ ನನ್ನ ಅಂಗಿ ಜೇಬಿಗೆ ಬಡಿದು ಕೆಳಗೆ ಬಿತ್ತು. ಮೇಸ್ತ್ರಿ ಏನೂ ಅನ್ನಲಿಲ್ಲ. ಸೀಲನ್ನು ಎತ್ತಿ ನನ್ನ ಟಿಫಿನ್ ಡಬ್ಬಿಯ ಮೇಲಿಟ್ಟು ಹೋದರು.

ಕೊನೆಯ ಪುಟದ ‘ಬದುಕೂ ಒಂದು ಬೇರಿಂಗ್, ಪ್ರೀತಿಯೇ ಅದರ ಗ್ರೀಸ್’ ಸಾಲಿಗೆ ಕೆಂಪು ಗೆರೆ ಎಳೆದಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಹೊಸದಾಗಿ ಬರೆದು ಕಳಿಸಿ. ಮೂರು ಪುಟ ಸಾಕು. ಲಾರಿ ಎರಡನೇ ಸಲ ವಾಪಸ್ ಬಂದ ಬೆಳಿಗ್ಗೆಯಿಂದ ಶುರು ಮಾಡಿ. ಚೇಂಬರಿನ ಚಿತ್ರ ಪೆನ್ಸಿಲ್ಲಿನಲ್ಲಿ ನೀವೇ ಬರೆದರೆ ಒಳ್ಳೆಯದು, ಕಂಪ್ಯೂಟರಿನದು ಬೇಡ. ಬೇರಿಂಗಿನ ಫೋಟೋ ನಮ್ಮ ಬಳಿಯೇ ಇರಲಿ. ಪ್ಲಗ್ ಬಿಚ್ಚಿದಾಗ ಎಣ್ಣೆ ಎಷ್ಟು ದೂರ ಹೋಯಿತು, ಯಾರ ಮೇಲೆ ಬಿತ್ತು, ಓನರ್ ಆಗ ಏನಂದರು, ಅದನ್ನು ಮಾತ್ರ ಮರೆಯದೆ ಬರೆಯಿರಿ.

ನಿಮ್ಮವ,
ಸಂಪಾದಕ