ದಿನಾ ಎರಡು ಪೇಪರ್ ಓದಿದರೂ ಕರೆಂಟ್ ಅಫೇರ್ಸ್ ತಲೆಯಲ್ಲಿ ನಿಲ್ಲುವುದಿಲ್ಲ, ಎಂತ ಮಾಡುವುದು?

ನೀವು ಕೇಳಿದ್ದು ಇಷ್ಟು. ಮನೆ ಉಡುಪಿ, ಕೆಲಸ ಮಂಗಳೂರು, ಓದಿದ್ದು ಕನ್ನಡ ಮಾಧ್ಯಮ. ಕೇಂದ್ರದ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೂ ರಾಜ್ಯದ ಕೆಎಎಸ್‌ಗೂ ಒಟ್ಟಿಗೆ ತಯಾರಿ ನಡೆಯುತ್ತಿದೆ. ಬೆಳಿಗ್ಗೆ ಇಂಗ್ಲಿಷ್ ಪೇಪರ್, ರಾತ್ರಿ ಕನ್ನಡ ಪೇಪರ್, ಅದರ ಮೇಲೆ ಎರಡು ಮಾಸಿಕ ಪಿಡಿಎಫ್, ಟೆಲಿಗ್ರಾಂ ಗ್ರೂಪು ಬೇರೆ. ಆದರೂ ಮಾಕ್ ಟೆಸ್ಟ್‌ನಲ್ಲಿ ಪ್ರಶ್ನೆ ನೋಡಿದಾಗ "ಎಲ್ಲೋ ಓದಿದ್ದೇನಲ್ಲ" ಅನ್ನಿಸುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಯಾವ ಪೇಪರ್ ಇಟ್ಟುಕೊಳ್ಳಬೇಕು, ಎಷ್ಟು ತಿಂಗಳದ್ದು ಓದಬೇಕು, ಕೆಲಸ ಬಿಡಬೇಕಾ ಅಂತ ನಿಮ್ಮ ಪ್ರಶ್ನೆ.

ಕೆಲಸ ಬಿಡಬೇಡಿ ಮಾರಾಯ್ರೆ. ಬೇರೆ ಯಾವುದಕ್ಕೆ ಬಿಡುತ್ತೀರೋ ಗೊತ್ತಿಲ್ಲ, ಕರೆಂಟ್ ಅಫೇರ್ಸ್‌ಗೋಸ್ಕರವಂತೂ ಬೇಡ.

ನಾನು ಈ ಎರಡೂ ಪರೀಕ್ಷೆಯ ಪ್ರಿಲಿಮ್ಸ್ (ಮೊದಲ ಹಂತ) ದಾಟಿ ಮೇನ್ಸ್ (ಮುಖ್ಯ ಪರೀಕ್ಷೆ) ಬರೆದವನು. ಈಗ ಮಂಗಳೂರಿನಲ್ಲಿ ಸರ್ಕಾರಿ ಕೆಲಸ, ಸಂಜೆ ಕೆಲವರಿಗೆ ಪಾಠ ಹೇಳುತ್ತೇನೆ. ಬರುವವರಲ್ಲಿ ಹೆಚ್ಚಿನವರಿಗೆ ನಿಮ್ಮದೇ ತೊಂದರೆ. ಓದುವುದು ಕಡಿಮೆಯಾಗಿ ಹೀಗಾಗುತ್ತಿಲ್ಲ. ಸುದ್ದಿಯನ್ನು ಸುದ್ದಿಯಾಗಿ ಓದಿ ಅಲ್ಲಿಗೇ ನಿಲ್ಲಿಸುವುದರಿಂದ ಆಗುತ್ತದೆ. ನಿನ್ನೆ ಯಾರು ಏನು ಹೇಳಿದರು ಅಂತ ಆಯೋಗ ಕೇಳುವುದಿಲ್ಲ. ಸುದ್ದಿಯ ಅಡಿಯಲ್ಲಿ ಒಂದು ಕಾನೂನು ಇರುತ್ತದೆ, ಒಂದು ಸಂಸ್ಥೆ ಇರುತ್ತದೆ, ಭೂಪಟದಲ್ಲಿ ಒಂದು ಜಾಗ ಇರುತ್ತದೆ. ಪ್ರಶ್ನೆ ಬರುವುದು ಅಲ್ಲಿಂದ.

ಇದನ್ನು ಕಲಿಯಲಿಕ್ಕೆ ದೆಹಲಿ ಪಿಡಿಎಫ್ ಬೇಕಾಗಿಲ್ಲ. ನಮ್ಮ ಕರಾವಳಿಯ ಲೋಕಲ್ ಪುಟವೇ ಸಾಕು, ನಿಜವಾಗಿ ಹೇಳುತ್ತಿದ್ದೇನೆ.

ಕಂಬಳ ತೆಗೆದುಕೊಳ್ಳಿ. ಸೀಸನ್ ಶುರುವಾದರೆ ಪೇಪರ್ ತುಂಬಾ ಯಾವ ಕೋಣ ಗೆದ್ದಿತು, ಎಷ್ಟು ಸೆಕೆಂಡಲ್ಲಿ ಓಡಿತು ಅಂತಲೇ ಇರುತ್ತದೆ. ಅದನ್ನು ಖುಷಿಗೆ ಓದಿ, ನಾನೂ ಓದುತ್ತೇನೆ. ಆಮೇಲೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಒಮ್ಮೆ ನಿಂತಿದ್ದ ಕಂಬಳ ಮತ್ತೆ ಹೇಗೆ ಶುರುವಾಯಿತು? 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟದ ವಿಷಯದಲ್ಲಿ ತೀರ್ಪು ಕೊಟ್ಟಿತು. ಅದರ ಬಿಸಿ ಕಂಬಳಕ್ಕೂ ತಟ್ಟಿತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕೇಂದ್ರದ್ದು. ಹಾಗಾದರೆ ಅದಕ್ಕೆ ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದದ್ದು ಹೇಗೆ? ಪ್ರಾಣಿ ಹಿಂಸೆ ತಡೆ ಸಮವರ್ತಿ ಪಟ್ಟಿಯಲ್ಲಿ ಉಂಟು, ರಾಜ್ಯವೂ ಕಾನೂನು ಮಾಡಬಹುದು. ಕೇಂದ್ರದ ಕಾನೂನಿಗೆ ಅದು ವಿರುದ್ಧವಾದರೆ? ಸಂವಿಧಾನದ 254ನೇ ವಿಧಿಯ ಎರಡನೇ ಉಪವಿಧಿ ನೋಡಿ. ರಾಷ್ಟ್ರಪತಿ ಅಂಕಿತ ಸಿಕ್ಕಿದರೆ ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನೇ ನಡೆಯುತ್ತದೆ. ಆದರೆ ಆಮೇಲೆ ಸಂಸತ್ತು ಬೇರೆ ಕಾನೂನು ಮಾಡಿ ಅದನ್ನು ಬದಲಾಯಿಸಬಹುದು, ಈ ಬಾಲವನ್ನು ಎಲ್ಲರೂ ಮರೆಯುತ್ತಾರೆ, ಪ್ರಶ್ನೆ ಮಾಡುವವರು ಮರೆಯುವುದಿಲ್ಲ. ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಸಂವಿಧಾನ ಪೀಠ ಅಂದರೆ ಎಂತ? ಕನಿಷ್ಠ ಐದು ಜನ ಅಂತ ಎಲ್ಲಿ ಬರೆದಿದೆ? 145(3). ಪ್ರಾಣಿಗಳ ಬಗ್ಗೆ ದಯೆ ಇರಬೇಕು ಅನ್ನುವುದು 51ಎ, ಮೂಲಭೂತ ಕರ್ತವ್ಯ. ಒಂದು ಕಂಬಳದ ಸುದ್ದಿಯಲ್ಲಿ ಪಾಲಿಟಿ ಪುಸ್ತಕದ ಮೂರು ಅಧ್ಯಾಯ ತಿರುವಿದ ಹಾಗಾಯಿತು. ಹೀಗೆ ಓದಿದ್ದು ಮರೆಯುವುದಿಲ್ಲ, ಯಾಕೆಂದರೆ ನಿಮಗೆ ಗೊತ್ತಿರುವ ಗದ್ದೆಯ ಜೊತೆ ಅದು ಸೇರಿಕೊಂಡಿರುತ್ತದೆ.

ಇನ್ನೊಂದು, ಮಲ್ಪೆ ಮೀನುಗಾರಿಕಾ ಬಂದರಿನದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಒಟ್ಟು 61 ದಿನ. ನಮಗೆ ಇದು ಮೀನಿನ ರೇಟು ಏರುವ ಸುದ್ದಿ. ಪರೀಕ್ಷೆಗೆ ಕೂತವರಿಗೆ ಒಕ್ಕೂಟ ವ್ಯವಸ್ಥೆಯ ಪಾಠ. ಈ ನಿಷೇಧ ಹಾಕುವುದು ಯಾರು, ರಾಜ್ಯವಾ ಕೇಂದ್ರವಾ? ಇಬ್ಬರೂ. ದಡದಿಂದ 12 ನಾಟಿಕಲ್ ಮೈಲಿವರೆಗಿನ ಪ್ರಾದೇಶಿಕ ಜಲದಲ್ಲಿ ಮೀನುಗಾರಿಕೆ ರಾಜ್ಯ ಪಟ್ಟಿಯ ವಿಷಯ. ಅದರಾಚೆ 200 ನಾಟಿಕಲ್ ಮೈಲಿವರೆಗಿನ ವಿಶೇಷ ಆರ್ಥಿಕ ವಲಯ ಕೇಂದ್ರದ ಕೈಯಲ್ಲಿ. ಒಂದೇ ಬೋಟು ಒಂದೇ ದಿನದಲ್ಲಿ ಎರಡು ಸರ್ಕಾರದ ವ್ಯಾಪ್ತಿಯಲ್ಲಿ ಓಡಾಡುತ್ತದೆ, ಅಲ್ವಾ? "ಮೀನುಗಾರಿಕೆ ಪೂರ್ತಿಯಾಗಿ ರಾಜ್ಯ ಪಟ್ಟಿಯ ವಿಷಯ" ಅಂತ ಹೇಳಿಕೆ ಕೊಟ್ಟು ಸರಿಯೋ ತಪ್ಪೋ ಕೇಳಿದರೆ ಪಿಡಿಎಫ್ ಉರು ಹೊಡೆದವರು ಸಿಕ್ಕಿಬೀಳುತ್ತಾರೆ. ಇದರ ಜೊತೆಗೆ 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯನ್ನೂ ಅದೇ ಹಾಳೆಯಲ್ಲಿ ಬರೆದುಬಿಡಿ.

ಕಾಪು ಕಡೆಯ ಪಾದೂರು ಗೊತ್ತಲ್ಲ. ಲೋಕಲ್ ಪುಟದಲ್ಲಿ ಅದು ಯಾವಾಗಲೂ ಜಾಗದ ಗಲಾಟೆಯ ಸುದ್ದಿಯಾಗಿ ಬರುತ್ತದೆ. ಕೊಲ್ಲಿಯಲ್ಲಿ ಯುದ್ಧದ ವಾಸನೆ ಬಂದ ದಿನ ಅದೇ ಪಾದೂರು ರಾಷ್ಟ್ರೀಯ ಸುದ್ದಿ. ದೇಶದ ತುರ್ತು ಕಚ್ಚಾತೈಲ ಸಂಗ್ರಹದ ಮೊದಲ ಹಂತದ ಮೂರು ಜಾಗಗಳಲ್ಲಿ ಎರಡು ನಮ್ಮಲ್ಲೇ ಉಂಟು: ಮಂಗಳೂರು 15 ಲಕ್ಷ ಟನ್, ಪಾದೂರು 25 ಲಕ್ಷ ಟನ್. ಮೂರನೆಯದು ವಿಶಾಖಪಟ್ಟಣ, 13.3 ಲಕ್ಷ ಟನ್. ಎರಡನೇ ಹಂತಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಿದ್ದು ಒಡಿಶಾದ ಚಂಡಿಖೋಲ್‌ಗೆ ಮತ್ತು ಪುನಃ ಪಾದೂರಿಗೆ, ಅದು ಖಾಸಗಿ ಸಹಭಾಗಿತ್ವದಲ್ಲಿ. ಇಲ್ಲಿಂದ ಕೊಲ್ಲಿಯ ತೈಲ ಹಡಗುಗಳು ದಾಟಿ ಬರುವ ಹಾರ್ಮುಜ್ ಜಲಸಂಧಿಗೆ ಹೋಗಬಹುದು. 2013ರ ಭೂಸ್ವಾಧೀನ ಕಾಯ್ದೆಗೆ ಹೋಗಬಹುದು: ಸಹಭಾಗಿತ್ವದ ಯೋಜನೆಯಾದರೆ 70 ಶೇಕಡಾ, ಖಾಸಗಿಗಾದರೆ 80 ಶೇಕಡಾ ಕುಟುಂಬಗಳ ಒಪ್ಪಿಗೆ ಬೇಕು. ಜಿಯಾಗ್ರಫಿಗೂ ಹೋಗಬಹುದು, ಬಂಡೆ ಕೊರೆದ ಗುಹೆಯಲ್ಲಿ ಎಣ್ಣೆ ಸೋರದೆ ಯಾಕೆ ನಿಲ್ಲುತ್ತದೆ ಅಂತ. ಸುತ್ತಲಿನ ಅಂತರ್ಜಲದ ಒತ್ತಡ ಅದನ್ನು ಹಿಡಿದಿಡುತ್ತದೆ.

ತುಳುವನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸಿ ಅನ್ನುವ ಬೇಡಿಕೆ ಬಂದಾಗಲೂ ಹಾಗೆಯೇ. ಮೊದಲು 14 ಭಾಷೆ, ಈಗ 22. ಕೊಂಕಣಿ ಸೇರಿದ್ದು 1992ರ 71ನೇ ತಿದ್ದುಪಡಿಯಲ್ಲಿ. ಪಡುಬಿದ್ರಿ ಬೀಚಿನ ಬ್ಲೂ ಫ್ಲ್ಯಾಗ್ ಮಾನ್ಯತೆ, ಪಶ್ಚಿಮ ಘಟ್ಟದ ಬಗ್ಗೆ ಗಾಡ್ಗೀಳ್ ಮತ್ತು ಕಸ್ತೂರಿರಂಗನ್ ವರದಿ, ಮಟ್ಟುಗುಳ್ಳ ಬದನೆಯ ಜಿಐ ಟ್ಯಾಗ್, ಎಲ್ಲವನ್ನೂ ನೀವೇ ಹೀಗೆ ಬಿಡಿಸಿ ನೋಡಿ. ನಾನು ಹೇಳಿಕೊಟ್ಟರೆ ಅದೂ ಒಂದು ಪಿಡಿಎಫ್ ಆಗಿಬಿಡುತ್ತದೆ.

ಹೊರದೇಶದ ಸುದ್ದಿಗೆ ಅಟ್ಲಾಸ್ ಪಕ್ಕದಲ್ಲಿ ಇರಲೇಬೇಕು. 2022ರ ಪ್ರಿಲಿಮ್ಸ್‌ನಲ್ಲಿ ಸುದ್ದಿಯಲ್ಲಿದ್ದ ಪ್ರದೇಶ ಮತ್ತು ದೇಶವನ್ನು ಹೊಂದಿಸುವ ಪ್ರಶ್ನೆ ಬಂತು: ಅನಟೋಲಿಯಾ, ಅಮ್ಹಾರಾ, ಕಾಬೊ ಡೆಲ್ಗಾಡೊ, ಕ್ಯಾಟಲೋನಿಯಾ. ಕಾಬೊ ಡೆಲ್ಗಾಡೊಗೆ ಎದುರು ಸ್ಪೇನ್ ಅಂತ ಕೊಟ್ಟಿದ್ದರು. ಹೆಸರು ಕೇಳಿದರೆ ಸ್ಪೇನ್ ಅನ್ನಿಸುತ್ತದೆ ಅಲ್ವಾ? ಅದು ಇರುವುದು ಮೊಜಾಂಬಿಕ್‌ನಲ್ಲಿ. ಅಲ್ಲಿನ ನೈಸರ್ಗಿಕ ಅನಿಲ ಯೋಜನೆಯಲ್ಲಿ ನಮ್ಮ ಸರ್ಕಾರಿ ಕಂಪನಿಗಳ ಪಾಲೂ ಇದೆ. ಸುದ್ದಿ ಓದಿದ ದಿನ ಒಂದು ನಿಮಿಷ ಮ್ಯಾಪ್ ನೋಡಿದ್ದರೆ ಮುಗಿಯಿತು.

ಈಗ ಪೇಪರ್ ವಿಷಯ. ಒಂದು ಇಂಗ್ಲಿಷ್, ಒಂದು ಕನ್ನಡ ಸಾಕು, ಆದರೆ ಎರಡಕ್ಕೂ ಸೇರಿ ಒಂದು ಗಂಟೆ ಮೀರಬಾರದು. ಯುಪಿಎಸ್‌ಸಿ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ, ಹಾಗಾಗಿ ಇಂಗ್ಲಿಷ್ ಪದಗಳ ಪರಿಚಯ ಬೇಕೇಬೇಕು. ಮೇನ್ಸ್ ಬೇಕಾದರೆ ಕನ್ನಡದಲ್ಲಿ ಬರೆಯಬಹುದು. ರಾಜಕೀಯ ಪಕ್ಷಗಳ ಜಗಳ, ಕ್ರೈಮ್, ಸಿನಿಮಾ, ಯಾರೋ ಯಾರಿಗೋ ತಿರುಗೇಟು ಕೊಟ್ಟದ್ದು, ಎಲ್ಲ ಬಿಟ್ಟುಬಿಡಿ. ಕೋರ್ಟ್, ಸಂಸತ್ತು, ಆರ್‌ಬಿಐ, ಪರಿಸರ, ವಿಜ್ಞಾನ, ಒಪ್ಪಂದ, ವರದಿ ಇವುಗಳ ಮೇಲೆ ಕಣ್ಣಿಡಿ. ಸರ್ಕಾರದ ಯೋಜನೆಯಾದರೆ ಪೇಪರಿನ ಬದಲು ಪಿಐಬಿ (ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ) ಪ್ರಕಟಣೆ ನೋಡಿ, ಕೆಲವು ಕನ್ನಡದಲ್ಲೂ ಸಿಗುತ್ತವೆ. ಮಸೂದೆ ಬಂದರೆ, ಮಸೂದೆಗಳನ್ನು ಬಿಡಿಸಿ ಹೇಳುವ ಪಿಆರ್‌ಎಸ್ ಸಂಸ್ಥೆಯ ಸಾರಾಂಶ.

ಟೆಲಿಗ್ರಾಂ ಗ್ರೂಪಿಂದ ಇವತ್ತೇ ಹೊರಗೆ ಬನ್ನಿ. ಅಲ್ಲಿ ಓದುವವರಿಗಿಂತ ಫಾರ್ವರ್ಡ್ ಮಾಡುವವರು ಜಾಸ್ತಿ. ಮಾಸಿಕ ಒಂದೇ ಸಾಕು, ಯಾವುದಾದರೂ ಆಗುತ್ತದೆ, ಬ್ರ್ಯಾಂಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪರೀಕ್ಷೆಗೆ ಹಿಂದಿನ ಒಂದರಿಂದ ಒಂದೂವರೆ ವರ್ಷದ್ದು ನೋಡಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಕೊನೆಯ ತಿಂಗಳು ಹೊಸದೇನೂ ಮುಟ್ಟದೆ ಅದನ್ನೇ ತಿರುಗಿಸಿ ಓದಿ.

ನೋಟ್ಸ್ ಮಾಡುವಾಗ ತಾರೀಕು ಹಾಕಿ ದಿನಚರಿ ಬರೆದ ಹಾಗೆ ಬರೆಯಬೇಡಿ. ವಿಷಯಕ್ಕೊಂದು ಹಾಳೆ. ಆರ್‌ಬಿಐ ಹಣಕಾಸು ನೀತಿ ಸಮಿತಿಗೆ ಒಂದು ಹಾಳೆ ಅಂತ ಇಟ್ಟುಕೊಳ್ಳಿ. ಮೇಲೆ ಗಟ್ಟಿ ವಿಷಯ: ಆರು ಸದಸ್ಯರು, ಮೂವರು ಆರ್‌ಬಿಐ ಕಡೆಯವರು, ಮೂವರು ಸರ್ಕಾರ ನೇಮಿಸಿದವರು, ಮತ ಸಮ ಆದರೆ ಗವರ್ನರ್‌ಗೆ ಇನ್ನೊಂದು ಮತ, ಹಣದುಬ್ಬರ ಗುರಿ 4 ಶೇಕಡಾ, ಎರಡು ಆಚೆ ಎರಡು ಈಚೆ. ಕೆಳಗೆ ರೆಪೋ ದರ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) ಬದಲಾದಾಗಲೆಲ್ಲ ಪೆನ್ಸಿಲ್‌ನಲ್ಲಿ ಒಂದು ಸಾಲು. ದರ ಎಷ್ಟಾಯಿತು ಅನ್ನುವುದು ಹಳೆಯದಾಗುತ್ತದೆ, ಮೇಲಿನ ಭಾಗ ಸುಲಭಕ್ಕೆ ಹಳೆಯದಾಗುವುದಿಲ್ಲ.

ಇಷ್ಟು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, 2023ರಿಂದ ಯುಪಿಎಸ್‌ಸಿ "ಮೇಲಿನ ಹೇಳಿಕೆಗಳಲ್ಲಿ ಎಷ್ಟು ಸರಿ" ಅಂತ ಕೇಳುವುದು ಜಾಸ್ತಿ ಮಾಡಿತು. ಒಂದು, ಎರಡು, ಮೂರೂ, ಯಾವುದೂ ಅಲ್ಲ. ಮೊದಲೆಲ್ಲ ಒಂದು ಹೇಳಿಕೆ ತಪ್ಪು ಅಂತ ಗೊತ್ತಿದ್ದರೆ ಎರಡು ಆಯ್ಕೆ ಹೊಡೆದುಹಾಕಬಹುದಿತ್ತು. ಈ ಥರದ ಪ್ರಶ್ನೆಯಲ್ಲಿ ಅರ್ಧ ಗೊತ್ತಿದ್ದರೆ ಏನೂ ಗೊತ್ತಿಲ್ಲದ ಹಾಗೆಯೇ. ಎರಡು ಅಂಕದ ಪ್ರಶ್ನೆ ತಪ್ಪಾದರೆ ಮೂರನೇ ಒಂದು ಭಾಗ ಕಡಿತ ಬೇರೆ.

ಕೆಎಎಸ್ ಸ್ವಲ್ಪ ಬೇರೆ. ಪ್ರಿಲಿಮ್ಸ್‌ನ ಎರಡೂ ಪೇಪರಿನ ಅಂಕ ಲೆಕ್ಕಕ್ಕೆ ಬರುತ್ತದೆ, ಯುಪಿಎಸ್‌ಸಿಯ ಎರಡನೇ ಪೇಪರ್ ಸಿಸ್ಯಾಟ್ ಥರ ಪಾಸಾದರೆ ಸಾಕು ಅಂತ ಇಲ್ಲ. ಎರಡನೇ ಪೇಪರಿನಲ್ಲಿ ರಾಜ್ಯದ ವಿಷಯಕ್ಕೆ ದೊಡ್ಡ ಜಾಗ. ಅದಕ್ಕೆ ರಾಜ್ಯ ಬಜೆಟ್ ಭಾಷಣ ಮತ್ತು ಕರ್ನಾಟಕ ಆರ್ಥಿಕ ಸಮೀಕ್ಷೆ, ಎರಡೂ ಕನ್ನಡದಲ್ಲೇ ಸಿಗುತ್ತವೆ, ನೇರವಾಗಿ ಓದಿ. ದಪ್ಪ ಉಂಟು ಅಂತ ಹೆದರಬೇಡಿ, ನಿಮಗೆ ಬೇಕಾದ್ದು ಕೆಲವೇ ಅಧ್ಯಾಯ. ಗ್ಯಾರಂಟಿ ಯೋಜನೆಗಳ ಬಗ್ಗೆ ವಾದ ಮಾಡಲಿಕ್ಕೆ ಎಲ್ಲರಿಗೂ ಬರುತ್ತದೆ. ಯುವನಿಧಿಯಲ್ಲಿ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷ ಮಾತ್ರ ಅನ್ನುವುದು ಕೇಳಿದರೆ ಅರ್ಧ ಜನ ತಡವರಿಸುತ್ತಾರೆ.

ಬಸ್ಸಿನ ಸಮಯ ವೇಸ್ಟ್ ಆಗುತ್ತದೆ ಅಂತ ಬೇಸರ ಮಾಡಿಕೊಂಡಿದ್ದೀರಿ. ಎಕ್ಸ್‌ಪ್ರೆಸ್ ಬಸ್ಸಲ್ಲಿ ಮೊಬೈಲ್ ಹಿಡಿದು ಓದಿದರೆ ಸುರತ್ಕಲ್ ಬರುವಾಗ ತಲೆ ತಿರುಗುತ್ತದೆ. ಓದಬೇಡಿ, ಕೇಳಿ. ಆಕಾಶವಾಣಿಯ ವಾರ್ತೆ, ಪ್ರದೇಶ ಸಮಾಚಾರ ಸಾಕು, ಅಲ್ಲಿ ಕಿರುಚಾಟವೂ ಇಲ್ಲ. ವಾಪಸ್ ಬರುವಾಗ ಬೆಳಿಗ್ಗೆ ಓದಿದ್ದರಲ್ಲಿ ಮೂರು ಸುದ್ದಿ ನೆನಪು ಮಾಡಿಕೊಂಡು, ಇದರ ಮೇಲೆ ನಾನಾದರೆ ಎಂತ ಪ್ರಶ್ನೆ ಕೇಳುತ್ತಿದ್ದೆ ಅಂತ ಯೋಚಿಸಿ. ನನ್ನ ಹತ್ತಿರ ಬರುವವರಿಗೆ ಹೆಚ್ಚು ಉಪಯೋಗ ಆದದ್ದು ಇದೇ ಅಭ್ಯಾಸ, ಖರ್ಚೂ ಇಲ್ಲ.

ಇಂಟರ್‌ವ್ಯೂ ಈಗಲೇ ಯೋಚಿಸಬೇಡಿ, ಆದರೆ ಊರಿನ ಹಾಳೆಗಳನ್ನು ಎಸೆಯಬೇಡಿ. ಯುಪಿಎಸ್‌ಸಿಯಲ್ಲಿ ಅದಕ್ಕೆ 275 ಅಂಕ, ನೀವು ತುಂಬಿದ ಅರ್ಜಿಯಲ್ಲಿ ಉಡುಪಿ ಅಂತ ಇದ್ದರೆ ಊರಿನ ಬಗ್ಗೆ ಕೇಳುವ ಸಾಧ್ಯತೆ ಜಾಸ್ತಿ. ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಎರಡೂ ಉಡುಪಿಯಲ್ಲಿ ಹುಟ್ಟಿದ್ದು. ಕೆನರಾ, ವಿಜಯಾ ಮಂಗಳೂರಿನವು. 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ವಿಲೀನವಾಗಿ ಈಗ ಉಳಿದದ್ದು ಕೆನರಾ ಒಂದೇ. ವಿಲೀನ ಸರಿಯಾ ಅಂತ ಕೇಳಿದರೆ ಬರೀ ಬೇಜಾರು ಹೇಳಿಕೊಂಡು ಬರಬೇಡಿ, ಎರಡೂ ಕಡೆಯ ವಾದ ಕೈಯಲ್ಲಿರಲಿ.

ಈ ವಾರಕ್ಕೆ ಒಂದೇ ಕೆಲಸ ಮಾಡಿ. ಯುಪಿಎಸ್‌ಸಿಯ ಹಿಂದಿನ ಐದು ವರ್ಷದ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಅವರ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ. ಕರೆಂಟ್ ಅನ್ನಿಸುವ ಪ್ರಶ್ನೆಗೆಲ್ಲ ಗುರುತು ಹಾಕಿ, ಪಕ್ಕದಲ್ಲಿ ಯಾವ ಸುದ್ದಿಯಿಂದ ಬಂತು, ಉತ್ತರ ಯಾವ ಪುಸ್ತಕದಲ್ಲಿತ್ತು ಅಂತ ಬರೆಯಿರಿ. ಅದು ಮುಗಿಯುವವರೆಗೆ ಹೊಸ ಮಾಸಿಕ ತೆರೆಯಬೇಡಿ. ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ಆ ಪ್ರಶ್ನೆಯನ್ನೇ ಇಲ್ಲಿ ಹಾಕಿ, ಒಟ್ಟಿಗೆ ಬಿಡಿಸುವ.